ಫಾಕ್ಸ್‌ಪ್ರೋ ಎಂಬ ಹಳೇ ಆಳು

ನಮ್ಮ ತೋಟದಲ್ಲಿ ಎಲ್ಲರಿಗಿಂತ ಹಳೇ ಆಳು ಯಾರು ಎಂದು ಕೇಳಿದರೆ ನೀವು ಕಂಬಳಿಕೊಪ್ಪೆ ಹೊದ್ದ ಯಾರನ್ನೋ ಹುಡುಕಲು ಹೊರಡುತ್ತೀರಿ. ಬೇಡ. ಆಫೀಸು ಅಂತ ನಾವು ಕರೆಯುವ, ಮೆಣಸಿನ ಮೂಟೆಯ ವಾಸನೆ ಹೊಡೆಯುವ ಕೋಣೆಗೆ ಬನ್ನಿ. ಅಲ್ಲಿ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ–ಕೂಲಿ ಲೆಕ್ಕ, ಬರೆಯುವ ತಂತ್ರಾಂಶವೊಂದಿದೆ. ವಯಸ್ಸು ಮೂವತ್ತು. ಸಂಬಳ ಕೇಳಿಲ್ಲ, ಸಂತೆ ದಿನ ರಜಾ ಕೇಳಿಲ್ಲ, ನನ್ನ ಹಾಗೆ ಮಧ್ಯಾಹ್ನದ ಊಟವಾದ ಮೇಲೆ ತೂಕಡಿಸಿಲ್ಲ.

ಅದು ನಮ್ಮ ಮನೆಗೆ ಬಂದದ್ದು ಬ್ರೆಜಿಲ್ ದೇಶದ ದೆಸೆಯಿಂದ. 1994ರ ಜೂನ್–ಜುಲೈನಲ್ಲಿ ಅಲ್ಲಿನ ಕಾಫಿ ತೋಟಗಳ ಮೇಲೆ ಹಿಮ ಕೂತು ಗಿಡಗಳು ಸುಟ್ಟುಹೋದವು. ಅಲ್ಲಿ ಗಿಡ ಸುಟ್ಟರೆ ಬೆಲೆ ಏರಿ ಇಲ್ಲಿ ಪಾಯಸ ಬೇಯುತ್ತದೆ ಎನ್ನುವುದು ಕಾಫಿಯವರ ನಾಚಿಕೆಗೆಟ್ಟ ಸತ್ಯ. ಸಕಲೇಶಪುರ, ಆಲೂರಿನ ಕಡೆ ಕೆಲವರು ಜೀಪು ತಂದರು, ಕೆಲವರು ಹೆಂಚು ಇಳಿಸಿ ತಾರಸಿ ಹಾಕಿಸಿದರು. ನಮ್ಮಪ್ಪ ಮಾತ್ರ ಹಾಸನದಿಂದ ಒಂದು 486 ಕಂಪ್ಯೂಟರನ್ನೂ, ಅದಕ್ಕೆ ಪ್ರೋಗ್ರಾಮ್ ಬರೆಯಲು ಒಬ್ಬ ಹುಡುಗನನ್ನೂ ಜೀಪಿನ ಹಿಂದೆ ಕೂರಿಸಿಕೊಂಡು ಬಂದರು. ಹುಡುಗ ಎರಡು ತಿಂಗಳು ನಮ್ಮಲ್ಲೇ ಇದ್ದು, ಅಮ್ಮನ ಅಕ್ಕಿರೊಟ್ಟಿ ತಿಂದು, ಫಾಕ್ಸ್‌ಪ್ರೋ 2.6ರಲ್ಲಿ ಒಂಬತ್ತು ಮೆನುವಿನ ಪ್ರೋಗ್ರಾಮ್ ಬರೆದುಕೊಟ್ಟ. ಒಂದು ಒತ್ತಿದರೆ ಹಾಜರಿ, ಎರಡಕ್ಕೆ ಬಟವಾಡೆ, ಮೂರಕ್ಕೆ ಕೊಯ್ಲಿನ ಕಿಲೋ ಲೆಕ್ಕ. ನಾಲ್ಕಕ್ಕೆ ಪೂಲ್ ಪಾಯಿಂಟು. ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೆ ಒಪ್ಪಿಸಿ, ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ದುಡ್ಡು ತೆಗೆದುಕೊಳ್ಳುತ್ತಿದ್ದ ಪದ್ಧತಿಯ ಕೊನೆಗಾಲ ಅದು. 1996ಕ್ಕೆ ಪೂಲಿಂಗು ಪೂರ್ತಿ ಹೋಯಿತು. ನಾಲ್ಕನೇ ಮೆನು ಮಾತ್ರ, ಪಟೇಲಿಕೆ ಹೋದ ಮೇಲೂ ಗೂಟಕ್ಕೆ ನೇತುಹಾಕಿದ ಪೇಟದ ಹಾಗೆ, ಇವತ್ತಿಗೂ ಅಲ್ಲೇ ಇದೆ.

2000ನೇ ಇಸವಿ ಬಂದಾಗ ಕಂಪ್ಯೂಟರ್ ಕೆಟ್ಟು ವಿಮಾನ ಬೀಳುತ್ತದೆ, ಬ್ಯಾಂಕು ಮುಳುಗುತ್ತದೆ ಎಂದು ಲೋಕವೆಲ್ಲ ಹೆದರಿತ್ತಲ್ಲ. ನಮ್ಮಲ್ಲಿ ಬಿದ್ದದ್ದು ಇಷ್ಟೇ: ತೋಟದ ಲೆಕ್ಕ ಬರೆಯುವ ರೈಟ್ರು ಇಸವಿಯ ಜಾಗದಲ್ಲಿ ಸೊನ್ನೆ ಸೊನ್ನೆ ಒತ್ತಿದರು, ಯಂತ್ರ ಅದನ್ನು 1900 ಎಂದು ಓದಿಕೊಂಡಿತು. ಆ ವಾರದ ಬಟವಾಡೆಯ ಪ್ರಕಾರ ನಮ್ಮ ಆಳುಗಳು, ಈಗಿನ ಸಕಲೇಶಪುರವಾದ ಮಂಜರಾಬಾದ್ ತಾಲೂಕಿನಲ್ಲಿ ಬಿಳಿ ದೊರೆಗಳು ಕುದುರೆ ಮೇಲೆ ತೋಟ ಸುತ್ತುತ್ತಿದ್ದ ಕಾಲದಲ್ಲಿ ಕಳೆ ತೆಗೆದಿದ್ದರು. ಅಂಥ ದೊರೆಗಳಲ್ಲೊಬ್ಬರಾದ ರಾಬರ್ಟ್ ಎಲಿಯಟ್ ಮೈಸೂರು ಸೀಮೆಯ ಚಿನ್ನ, ಶಿಕಾರಿ, ಕಾಫಿಯ ಬಗ್ಗೆ ಪುಸ್ತಕ ಬರೆದದ್ದು 1894ರಲ್ಲಿ. ಇನ್ನಾರು ವರ್ಷ ತಡೆದಿದ್ದರೆ ನಮ್ಮ ತೋಟದ ಹಾಜರಿ ಪಟ್ಟಿಯೂ ಅದರಲ್ಲಿ ಸೇರುತ್ತಿತ್ತು. ರೈಟ್ರು ಎಸ್‌ಟಿಡಿ ಬೂತಿನಿಂದ ಬೆಂಗಳೂರು ಸೇರಿದ್ದ ಹುಡುಗನಿಗೆ ಫೋನು ಹಚ್ಚಿದರು. ಅವನು ಒಂದು ಸಾಲು ಬರೆಸಿದ: ಸೆಟ್ ಸೆಂಚುರಿ ಆನ್. ಶತಮಾನವೂ ಸ್ವಿಚ್ಚಿನ ಹಾಗೆ ಹೊತ್ತಿಕೊಳ್ಳುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು.

ಆಮೇಲೆ 486 ಹೋಗಿ ವಿಂಡೋಸ್ 98 ಬಂತು, ಅದು ಹೋಗಿ ಎಕ್ಸ್‌ಪಿ ಬಂತು. ಪ್ರೋಗ್ರಾಮ್ ಮಾತ್ರ ತನ್ನ ಗಂಟು ಹೊತ್ತುಕೊಂಡು ಹೊಸ ಮನೆಗೆ ಹೋಗಿ ಮೂಲೆಯಲ್ಲಿ ಕೂತು ಕೆಲಸ ಶುರುಮಾಡುತ್ತಿತ್ತು. ಈಚೆಗೊಂದು ಹೂಮಳೆಯ ಸಂಜೆ, ಎಲ್ಲರೂ ಜಗಲಿಯಲ್ಲಿ ಕೂತು ಎಷ್ಟು ಸೆಂಟು ಮಳೆ ಬಿತ್ತು ಎಂದು ಲೆಕ್ಕ ಹಾಕುತ್ತಿದ್ದಾಗ ಸಿಡಿಲೂ ಬಿತ್ತು. ಯುಪಿಎಸ್, ಮಾನಿಟರ್, ಎಕ್ಸ್‌ಪಿ ಒಟ್ಟಿಗೇ ಹೊಗೆಯಾದವು. ರೈಟ್ರು ಅಳಲಿಲ್ಲ. ಒಳಗೆ ಹೋಗಿ ಹಾರ್ಲಿಕ್ಸ್ ಬಾಟಲಿ ತಂದರು. ಅದರಲ್ಲಿ ಒಂದು ಸೇರು ಅಕ್ಕಿ, ಅಕ್ಕಿಯೊಳಗೆ ಪೆನ್‌ಡ್ರೈವು. ನಮ್ಮ ಕಡೆ ಜೂನ್ ಬಂತೆಂದರೆ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಚೆಕ್‌ರೋಲಿಗೆ ಹಿಡಿಯಬಾರದೆಂದು ಮನುಷ್ಯ ವರ್ಷಕ್ಕೊಮ್ಮೆ ಅಕ್ಕಿ ಬದಲಾಯಿಸುತ್ತಿದ್ದರು.

ಹೊಸ ಕಂಪ್ಯೂಟರಿಗೆ ಬಿ.ಎಂ. ರಸ್ತೆಯ ಅಂಗಡಿಗೆ ಹೋದೆವು. ವಿಂಡೋಸ್ 11. ಅಂಗಡಿಯ ಹುಡುಗ ಪೆನ್‌ಡ್ರೈವಿಗೆ ಅಂಟಿದ್ದ ಅಕ್ಕಿಕಾಳು ಕೊಡವಿ ಸಿಕ್ಕಿಸಿದ, ಒತ್ತಿದ, ನಕ್ಕ.

“ಇದು ಓಡಲ್ಲ ಅಂಕಲ್.”

“ಮೂವತ್ತು ವರ್ಷ ಓಡಿದೆಯಲ್ಲಪ್ಪ.”

“ಅದಕ್ಕೇ ಅಂಕಲ್, ಸುಸ್ತಾಗಿದೆ.”

ವಿಷಯ ಸುಸ್ತಿನದಲ್ಲ, ಹಳಿಯದು. ನಮ್ಮೂರಿನವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಾಟಿ ಇಳಿಯುವ ರೈಲು 1979ರಲ್ಲಿ ಶುರುವಾದಾಗ ಮೀಟರ್ ಗೇಜು. ಎರಡು ಕಂಬಿಗಳ ನಡುವೆ 1,000 ಮಿಲಿಮೀಟರ್. 1996ರಲ್ಲಿ ನಿಲ್ಲಿಸಿ, ಕಿತ್ತು, 1,676 ಮಿಲಿಮೀಟರಿನ ಬ್ರಾಡ್ ಗೇಜ್ ಹಾಕಿದರು. ಗೂಡ್ಸು ಮತ್ತೆ ಓಡಿದ್ದು 2006ಕ್ಕೆ, ಜನ ಹತ್ತಿದ್ದು 2007ರ ಕೊನೆಗೆ. ಅದೇ ಘಾಟಿ, ಅದೇ ಸುರಂಗ; ಆದರೆ ಹಳೇ ಡಬ್ಬಿಯನ್ನು ತಂದು ಇಟ್ಟರೆ ಗಾಲಿ ಕಂಬಿಯ ಮೇಲೆ ಕೂರುವುದೇ ಇಲ್ಲ. ನಮ್ಮ ಪ್ರೋಗ್ರಾಮ್ ಡಾಸ್ ಕಾಲದ 16 ಬಿಟ್ಟಿನ ಗಾಲಿಯದು. 32 ಬಿಟ್ಟಿನ ವಿಂಡೋಸಿನಲ್ಲಿ ಡಾಸ್ ಎಂಬ ಮುದುಕನಿಗಾಗಿ ಒಂದು ಕೋಣೆ ಬಿಟ್ಟಿದ್ದರು. ಪ್ರೊಸೆಸರ್ 64 ಬಿಟ್ಟಿನ ಕ್ರಮಕ್ಕೆ ಬಂದ ಮೇಲೆ ಆ ಕೋಣೆಗೆ ಹೋಗುವ ಒಳದಾರಿಯೇ ಮುಚ್ಚಿಹೋಯಿತು. ವಿಂಡೋಸ್ 10ರವರೆಗೆ 32 ಬಿಟ್ಟಿನ ಅವತಾರವೂ ಸಿಗುತ್ತಿತ್ತು, 11ಕ್ಕೆ ಅದಿಲ್ಲ.

ಅಂಗಡಿಯ ಹುಡುಗ ಮೌಸಿನ ಬಲಗಡೆ ಗುಂಡಿ ಒತ್ತಿ ಕಂಪ್ಯಾಟಿಬಿಲಿಟಿ ಅಂತ ಒಂದು ಪಟ್ಟಿ ತೆಗೆದ. ಅಲ್ಲಿ ಎಕ್ಸ್‌ಪಿ ಎಂದು ಟಿಕ್ ಹಾಕಿದರೆ, ಒಳಗೆ ಓಡುವ ಪ್ರೋಗ್ರಾಮಿಗೆ ತಾನಿನ್ನೂ ಎಕ್ಸ್‌ಪಿ ಮನೆಯಲ್ಲೇ ಇದ್ದೇನೆ ಎಂಬ ಭ್ರಮೆ. ನಮ್ಮ ಡಾಸಿನ ಪ್ರಾಣಿಗೆ ಅದು ನಾಟಲಿಲ್ಲ. ಆದರೆ ಆ ಟಿಕ್ಕು ನನಗೆ ಬಹಳ ಹಿಡಿಸಿತು. ನಮ್ಮಜ್ಜ ಕೊನೆಗಾಲದಲ್ಲಿ, ಹಾಸನಕ್ಕೆ ಬಸ್ ಚಾರ್ಜು ಎಷ್ಟೋ ಎಂದರೆ ಮನೆಮಂದಿಯೆಲ್ಲ “ಎರಡೂವರೆ ರೂಪಾಯಿ ಅಜ್ಜಯ್ಯ” ಅನ್ನುತ್ತಿದ್ದೆವು. ನಿಜ ಹೇಳಿದರೆ ಆಸ್ಪತ್ರೆಗೇ ಬರುತ್ತಿರಲಿಲ್ಲ. ವಿಂಡೋಸು ಮಾಡುವುದೂ ಇದನ್ನೇ, ದೊಡ್ಡ ಪ್ರಮಾಣದಲ್ಲಿ. ವಿಂಡೋಸ್ 95 ನಿಜವಾಗಿ 4.0. ಹಳೇ ಪ್ರೋಗ್ರಾಮುಗಳು “ನೀನು 3.10ಕ್ಕಿಂತ ಹೊಸಬನೋ?” ಎಂದು ಕೇಳುವಾಗ ಕೆಲವು ಚುಕ್ಕಿಯಾಚೆಯ ಅಂಕಿಯನ್ನಷ್ಟೇ ನೋಡುತ್ತಿದ್ದವು, ಸೊನ್ನೆ ಹತ್ತಕ್ಕಿಂತ ಚಿಕ್ಕದು, ಆದ್ದರಿಂದ ನೀನು ಹಳಬ, ನಡಿ ಆಚೆ! ಜಗಳ ಯಾಕೆಂದು 95 ಅವುಗಳಿಗೆ ತನ್ನನ್ನು 3.95 ಎಂದು ಹೇಳಿಕೊಂಡಿತು. ಮದುವೆ ಮಾತುಕತೆಯಲ್ಲಿ ಹುಡುಗನ ವಯಸ್ಸು ಹೇಳುವ ಕ್ರಮ.

ಸಿಮ್‌ಸಿಟಿ ಆಟದ ಕಥೆಯನ್ನು ಜೋಯೆಲ್ ಸ್ಪಾಲ್ಸ್ಕಿ ಎಂಬ ತಂತ್ರಜ್ಞ ಬರೆದಿದ್ದಾನೆ. ಅದನ್ನು ನಮ್ಮ ಹೋಂಸ್ಟೇ ಭಾಷೆಯಲ್ಲಿ ಹೇಳುತ್ತೇನೆ; ಅತಿಥಿ ಎಂದರೆ ಆ ಆಟ, ಕೋಣೆ ಎಂದರೆ ಕಂಪ್ಯೂಟರಿನ ಮೆಮೊರಿ. ಒಬ್ಬ ಅತಿಥಿ ಕೋಣೆ ಖಾಲಿ ಮಾಡಿ, ಬೀಗದ ಕೈ ಕೊಟ್ಟು, ಮತ್ತೆ ಕಿಟಕಿಯಿಂದ ಒಳಗೆ ನುಗ್ಗಿ ಮಲಗುತ್ತಿದ್ದ. ಹಳೇ ವಿಂಡೋಸಿನಲ್ಲಿ ಆ ಕೋಣೆಗೆ ಬೇರೆ ಯಾರೂ ಬರುತ್ತಿರಲಿಲ್ಲ, ನಡೆಯಿತು. ಹೊಸದರಲ್ಲಿ ಖಾಲಿಯಾದ ಕೋಣೆಯನ್ನು ತಕ್ಷಣ ಬೇರೆಯವರಿಗೆ ಕೊಡುವ ಏರ್ಪಾಡು. ನಡುರಾತ್ರಿ ಹೊಡೆದಾಟ ಖಂಡಿತ. ವಿಂಡೋಸ್ 95 ಮಾಡಿದವರು ಅತಿಥಿಯನ್ನು ಬೈಯಲಿಲ್ಲ. ಬಂದವನು ಸಿಮ್‌ಸಿಟಿಯೇ ಆದರೆ ಅವನು ಬಿಟ್ಟ ಕೋಣೆಯನ್ನು ಬೇರೆ ಯಾರಿಗೂ ಕೊಡಬೇಡಿ ಎಂದು ಮನೆಯ ಕಾನೂನನ್ನೇ ತಿದ್ದಿಕೊಂಡರು. ಇಷ್ಟು ಮರ್ಯಾದೆ ನಮ್ಮ ಕಡೆ ಅಳಿಯನಿಗೂ ಸಿಕ್ಕಿಲ್ಲ. ಅಳಿಯ ಎಂದರೆ ನಾನೇ, ಅತ್ತೆಮನೆ ಬೇಲೂರು.

ಹಳೇ ಸಾಮಾನನ್ನು ಹೊಸ ಮನೆಯಲ್ಲಿ ಬಾಳಿಸುವ ಕಷ್ಟ ನನ್ನೊಬ್ಬನದಲ್ಲ. ನಮ್ಮ ಸುತ್ತಲ ಮದುವೆ ಕಾರ್ಡು ಈಗಲೂ ಪೇಜ್‌ಮೇಕರ್ ಎಂಬ ಹಳೇ ತಂತ್ರಾಂಶದಲ್ಲೇ ಹುಟ್ಟುತ್ತದೆ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ಎಂದರೆ ಏನೂಂತ ಗೊತ್ತಿಲ್ಲ. ಶೇಷಾದ್ರಿವಾಸು ಅವರ ಬರಹ ತಂತ್ರಾಂಶ 1998ರಲ್ಲಿ, ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂದು ನಮಗೆಲ್ಲ ಕನ್ನಡ ಕುಟ್ಟಲು ಕಲಿಸಿದವು. ಆಗಿನ ಅಕ್ಷರಗಳು ರೋಮನ್ ಲಿಪಿಯ ಜಾಗದಲ್ಲಿ ಬಾಡಿಗೆಗೆ ಇದ್ದವು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಆ ಕಡತ ತೆರೆದರೆ ಬಾಡಿಗೆದಾರ ಮಾಯ, ಮನೆಯ ಯಜಮಾನ ಎದುರಿಗೆ: ತಲೆಗೆ ಟೋಪಿ ಇಟ್ಟ ಎ, ಮೇಲೆರಡು ಚುಕ್ಕಿಯ ಯು, ಬಾಲ ಬಂದ ಸಿ. ಬೆಳೆಗಾರರ ಸಭೆಯೊಂದರ ಹಳೇ ನಡವಳಿಯನ್ನು ನಾನು ಹೀಗೆ ತೆರೆದಾಗ, ಪಕ್ಕದಲ್ಲಿದ್ದ ಭಾವ “ಸಭೆಯಲ್ಲಿ ನಡೆದದ್ದೂ ಸುಮಾರಾಗಿ ಇದೇ” ಅಂದರು.

ಇರಲಿ, ಚೆಕ್‌ರೋಲಿಗೆ ಬರೋಣ. ಸಾಕಷ್ಟು ಬಜ್ಜಿ, ಕಾಫಿ ಆದ ಮೇಲೆ ಅಂಗಡಿಯ ಹುಡುಗನಿಗೆ ಡಾಸ್‌ಬಾಕ್ಸ್ ನೆನಪಾಯಿತು. ಹೊಸ ಮನೆಯೊಳಗೇ ಒಂದು ಸುಳ್ಳು ಹಳೇ ಮನೆ ಕಟ್ಟಿಕೊಡುವ ಪ್ರೋಗ್ರಾಮು ಅದು, 2002ರಿಂದ ಇದೆ. ನಮ್ಮಲ್ಲಿ ತಾರಸಿ ಮನೆಯ ಅಂಗಳದಲ್ಲಿ ಪ್ರವಾಸಿಗರಿಗೆಂದು ಹೊಸದಾಗಿ ಹಳೇ ತೊಟ್ಟಿಮನೆ ಕಟ್ಟುತ್ತಾರಲ್ಲ, ಥೇಟ್ ಹಾಗೆ. ಪ್ರೋಗ್ರಾಮ್ ಒಳಗೆ ಹೋಯಿತು, ಸುತ್ತ ನೋಡಿತು, ಸೊನ್ನೆಯಿಂದ ಭಾಗಿಸಿದ್ದೀರಿ ಎಂದು ಬೈದು ಬಿದ್ದುಬಿಟ್ಟಿತು. ಫಾಕ್ಸ್‌ಪ್ರೋಗೆ ಏಳುವಾಗ ಒಂದು ಚಾಳಿಯಂತೆ. ಒಂದಿಷ್ಟು ಸುತ್ತು ಓಡಿ, ಎಷ್ಟು ಹೊತ್ತು ಹಿಡಿಯಿತೆಂದು ನೋಡಿ, ಯಂತ್ರದ ವೇಗ ಅಳೆಯುತ್ತದೆ. ಯಂತ್ರ ಅತಿ ಚುರುಕಾದರೆ ಹಿಡಿದ ಹೊತ್ತು ಸೊನ್ನೆ. ಸೊನ್ನೆಯಿಂದ ಭಾಗಿಸಲು ಹೋಗಿ ಕವುಚಿಕೊಳ್ಳುತ್ತದೆ. ಮದ್ದೇನು ಗೊತ್ತೇ? ಡಾಸ್‌ಬಾಕ್ಸಿನಲ್ಲಿ ವೇಗ ತಗ್ಗಿಸುವ ಒಂದು ಲೆಕ್ಕವಿದೆ. ಅರವತ್ತು ಸಾವಿರ ಕೊಟ್ಟು ತಂದ ಕುದುರೆಗೆ, “ನಿಧಾನ, ಮುದುಕರು ಹಿಂದೆ ಬರ್ತಿದಾರೆ” ಎಂದು ಲಗಾಮು ಎಳೆದೆವು. ಮೆನು ಬಂತು. ನೀಲಿ ಹಿನ್ನೆಲೆ, ಹಳದಿ ಅಕ್ಷರ. ರೈಟ್ರು ಚಪ್ಪಲಿ ಕಳಚಿ ಕೂತರು.

ಇನ್ನು ಪ್ರಿಂಟು. ರೈಟ್ರಿಗೆ ಅಗಲ ಹಾಳೆ, ಕಾರ್ಬನ್ನು, ಆಳುಗಳ ಇಡೀ ಲೈನಿಗೆ ಕೇಳುವಂತೆ ಕಿರ್ರ್ ಎನ್ನುವ ಡಾಟ್ ಮ್ಯಾಟ್ರಿಕ್ಸ್ ಬೇಕು. ಆ ಸದ್ದು ಕೇಳಿದರೇ ಆಳುಗಳಿಗೆ ಬಟವಾಡೆ ಎಂದು ಗೊತ್ತಾಗುವುದು. ಹೊಸ ಕಂಪ್ಯೂಟರಿನ ಬೆನ್ನಲ್ಲಿ ಅದನ್ನು ಸಿಕ್ಕಿಸುವ ಅಗಲ ತೂತೇ ಇಲ್ಲ. ಮೂಲ ಡಾಸ್‌ಬಾಕ್ಸೋ ಆಟ ಆಡುವವರಿಗೆಂದು ಮಾಡಿದ್ದು, ಪ್ರಿಂಟಿನ ಉಸಾಬರಿ ಅದಕ್ಕಿಲ್ಲ. ಕೊನೆಗೆ ಅದರದೇ ಕವಲು ಡಾಸ್‌ಬಾಕ್ಸ್-ಎಕ್ಸ್ ಹಾಕಿ, ಯುಎಸ್‌ಬಿ ಬಾಲದ ಹೊಸ ಡಾಟ್ ಮ್ಯಾಟ್ರಿಕ್ಸ್ ತಂದು ಎರಡು ದಿನ ಗುದ್ದಾಡಿದ ಮೇಲೆ ಹೊರಬಂದ ಮೊದಲ ಹಾಳೆಯಲ್ಲಿ ಎಲ್ಲರ ಹೆಸರೂ ಒಂದರ ಮೇಲೊಂದು ಕೂತಿದ್ದವು. “ಲಾರೀಲಿ ಬಂದಂಗೆ ಬಂದವರೆ,” ಅಂದರು ರೈಟ್ರು. ಮೂರನೆಯ ದಿನ ಇಳಿದು ಸಾಲಾಗಿ ನಿಂತರು.

“ರೈಟ್ರೇ, ಇಷ್ಟು ಪಾಡು ಪಡೋ ಬದಲು ಫೋನಿನಲ್ಲೇ ಹಾಜರಿ ಹಾಕೋ ಆ್ಯಪ್ ಬಂದಿದಾವಂತೆ,” ಎಂದೆ.

“ಅದ್ರಲ್ಲಿ ಹಳೇ ಲೆಕ್ಕ ಬರ್ತವಾ ಗೌಡ್ರೆ?”

ಶನಿವಾರ ಬಟವಾಡೆಗೆ ಎರಡು ಒತ್ತುವಲ್ಲಿ ಅವರ ಬೆರಳು ನಾಲ್ಕರ ಮೇಲೆ ಬಿತ್ತು. ಬೆರಳು ತಪ್ಪಿತೋ, ಬೇಕೆಂದೇ ಒತ್ತಿದರೋ. ಯಾವ ಸೀಸನ್ ಎಂದು ಅದು ಕೇಳಿತು. ರೈಟ್ರು 94–95 ಎಂದು ಒತ್ತಿದರು. ಅಪ್ಪ ಬೋರ್ಡಿಗೆ ಹಾಕಿದ ಕಾಫಿಯ ಪಟ್ಟಿ, ತಾರೀಖು, ಮೂಟೆ, ಲಾರಿ ನಂಬರು ಸಮೇತ ಮೇಲೆದ್ದು ಬಂತು. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ಮೂವತ್ತೆಂಟು ಮೂಟೆ ಚೆರಿ ಅಂತ ಅದೆ. ನಲವತ್ತು. ನಾನೇ ಲೋಡ್ ಮಾಡ್ಸಿದ್ದು. ಅವತ್ತು ಎರಡು ಮೂಟೆ ಬರ್ಯೋದ್ ಮರ್ತಿದೀನಿ.”

“ಈಗೇನು ಮಾಡೋಕಾಗುತ್ತೆ ಬಿಡಿ.”

ತಿದ್ದಬೇಕೇ, ವೈ ಅಥವಾ ಎನ್ ಒತ್ತಿ ಎಂದು ತೆರೆ ಮಿಣುಕುತ್ತಿತ್ತು. ರೈಟ್ರು ವೈ ಒತ್ತಿದರು. ನಲವತ್ತು ಮಾಡಿ, ಮೂರು ಕಾಪಿ ತೆಗೆದರು: ಒಂದು ಫೈಲಿಗೆ, ಒಂದು ನನಗೆ, ಇನ್ನೊಂದನ್ನು ಮಡಚಿ ಹಾರ್ಲಿಕ್ಸ್ ಬಾಟಲಿಯ ಅಕ್ಕಿಯೊಳಗೆ.