ಡಾಕ್ಟರ್ ಬಾಯಾರ ಪಗಾರ

"ಅಣ್ಣಾರ, ನೀವು ಖಜಾನೆದಾಗ ನೌಕರಿ ಮಾಡಿದವ್ರು. ಖರೇ ಹೇಳ್ರಿ, ಯಾವ ಡಾಕ್ಟ್ರಿಗೆ ಪಗಾರ ಜಾಸ್ತಿ?"

ಬಾಜೂ ಮನೆಯ ಅಕ್ಕಾರು ಸಂಡಿಗೆ ತಟ್ಟೆಯನ್ನು ಕಂಪೌಂಡಿನ ಮೇಲೆ ಬಿಸಿಲಿಗಿಡುತ್ತಾ ಕೇಳಿದರು. ಅವರ ಪ್ರಶ್ನೆಗಳಿಗೆ ಪೀಠಿಕೆ ಇರುವುದಿಲ್ಲ. ಸಂಗತಿ ಇಷ್ಟು: ಅವರ ತಮ್ಮನ ಮಗಳು ಕೊಪ್ಪಳದ ಮೆಡಿಕಲ್ ಕಾಲೇಜಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದ್ದಾಳೆ. 2015ರಲ್ಲಿ ಶುರುವಾದ ಕಾಲೇಜದು. ಅದಕ್ಕೂ ಮುಂಚೆ ಡಾಕ್ಟರ್ ಆಗಬೇಕೆಂದರೆ ನಮ್ಮ ಜಿಲ್ಲೆಯ ಮಕ್ಕಳು ಬಳ್ಳಾರಿ, ರಾಯಚೂರು, ಹುಬ್ಬಳ್ಳಿ ಅಂತ ಗಂಟು ಕಟ್ಟಬೇಕಿತ್ತು. ಸಂವಿಧಾನದಲ್ಲಿ 371(ಜೆ) ಬಂದ ಮೇಲೆ ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ನಮ್ಮವರಿಗೇ. ಹುಡುಗಿ ಆ ಲೆಕ್ಕದಲ್ಲೇ ಒಳಗೆ ಹೋದವಳು. ಈಗ ಪಿ.ಜಿ. ಯಾವುದರಲ್ಲಿ ಮಾಡಬೇಕೆಂದು ಮನೆಯಲ್ಲಿ ಪಂಚಾಯ್ತಿ ಕೂತಿದೆ. ಅಪ್ಪ ರೇಡಿಯಾಲಜಿ ಅನ್ನುತ್ತಾನೆ, ಅವ್ವ ಹೆರಿಗೆ ಅನ್ನುತ್ತಾಳೆ, ಹುಡುಗಿ ಎಲುವು ಅನ್ನುತ್ತಾಳೆ.

"ಎಲುವಾ?" ಅಂದೆ.

"ಹೂಂನ್ರಿ. ಸುತ್ತಿಗಿ, ಗರಗಸ ಹಿಡಿಯೋ ಕೆಲಸ ಹೆಣ್ಣಮಗಳಿಗೆ ಯಾಕ ಬೇಕಂತ ನಮ್ಮ ತಮ್ಮ ಊಟ ಬಿಟ್ಟಾನ."

ಪಗಾರದ ಬಿಲ್ಲು ಓದಿ ಕಣ್ಣು ಸವೆಸಿಕೊಂಡವನು ನಾನು. ಸರ್ಕಾರಿ ಡಾಕ್ಟರರ ಬಿಲ್ಲಿನಲ್ಲಿ ಮೂಲ ವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ಅದರ ಮೇಲೆ ಓದಿಗೆ ತಕ್ಕಂತೆ ವಿಶೇಷ ಭತ್ಯೆ: ಬರೀ ಎಂ.ಬಿ.ಬಿ.ಎಸ್. ಆದವರಿಗೊಂದು, ಪಿ.ಜಿ. ಆದವರಿಗೆ ಅದಕ್ಕಿಂತ ಮೇಲು. ಗಂಡೋ ಹೆಣ್ಣೋ ಎಂದು ಬಿಲ್ಲು ಕೇಳುವುದಿಲ್ಲ. ಆದರೆ ಯಾವ ಊರು ಎಂದು ಕೇಳುತ್ತದೆ, ಕೇಳಿ ನಮಗೇ ಕಡಿಮೆ ಕೊಡುತ್ತದೆ. ಏಳನೇ ವೇತನ ಆಯೋಗ 2024ರ ಆಗಸ್ಟಿನಲ್ಲಿ ಜಾರಿಯಾದ ಮೇಲೆ ಮನೆ ಬಾಡಿಗೆ ಭತ್ಯೆ ಬೆಂಗಳೂರಿನಂಥ ಊರಿಗೆ ಮೂಲ ವೇತನದ ಶೇ. 20, ನಮ್ಮ ಕುಷ್ಟಗಿಯಂಥ ಊರಿಗೆ ಶೇ. 7.5. ಲಕ್ಷ ರೂಪಾಯಿ ಮೂಲ ವೇತನ ಇರುವ ಡಾಕ್ಟರು ಬೆಂಗಳೂರಲ್ಲಿ ಕೂತರೆ 20 ಸಾವಿರ, ಇಲ್ಲಿ ಬಂದರೆ ಏಳೂವರೆ ಸಾವಿರ. ಅಲ್ಲಿ ಬಾಡಿಗೆ ಹೆಚ್ಚು, ಒಪ್ಪೋಣ. ಆದರೆ ಅಲ್ಲಿ ಮಗುವಿಗೆ ಶಾಲೆ ಇದೆ, ಗಂಡನಿಗೆ ನೌಕರಿ ಇದೆ. ಕುಷ್ಟಗಿಗೆ ರೈಲು ಬಂದದ್ದೇ 2025ರಲ್ಲಿ.

"ಹಂಗಾದ್ರ ಇಲ್ಲಿಗೆ ಯಾರ್ ಬರ್ತಾರ್ರೀ?"

"ಅದಕ್ಕೇ ಗುತ್ತಿಗಿ ಐತಲ್ರಿ ಅಕ್ಕಾರ."

ಗುತ್ತಿಗೆಯ ದರ 2025ರಲ್ಲಿ ಏರಿತು: ಎಂ.ಬಿ.ಬಿ.ಎಸ್. ಆದವರಿಗೆ ತಿಂಗಳಿಗೆ 60 ಸಾವಿರ, ತಜ್ಞರಿಗೆ 1.40 ಲಕ್ಷ. ಮುಂಚೆ ಎಂ.ಬಿ.ಬಿ.ಎಸ್. ಹುಡುಗರು 47 ಸಾವಿರದ ಒಳಗೇ ಇದ್ದರು. ತಜ್ಞರು ಎಲ್ಲೂ ಸಿಗದಿದ್ದರೆ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಇನ್ನೊಂದು ದಾರಿ ಇದೆ, 'ನೀವು ದರ ಹೇಳಿ, ನಾವು ಕೊಡುತ್ತೇವೆ' ಎಂಬುದು. ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಸಜ್ಜೆ ಚೀಲದ ಮುಂದೆ ನಿಂತ ರೈತನಿಗೆ ಇಷ್ಟು ಮರ್ಯಾದೆ ಯಾವತ್ತೂ ಸಿಕ್ಕಿಲ್ಲ.

ಅಮೆರಿಕದಲ್ಲೂ ದೊಡ್ಡ ಶಹರ ಬಿಟ್ಟು ಒಳನಾಡಿಗೆ ಹೋಗುವ ಡಾಕ್ಟರಿಗೆ ಹೆಚ್ಚು ರೊಕ್ಕ ಕೊಟ್ಟು ಕರೆಯುತ್ತಾರೆ. ಅಲ್ಲಿ ವರ್ಷವರ್ಷವೂ ಎಲುವಿನ ಡಾಕ್ಟರು ಮೇಲಿನ ಸಾಲಿನಲ್ಲಿ, ಮಕ್ಕಳ ಡಾಕ್ಟರು ತಳದಲ್ಲಿ. ನಾನಿದನ್ನು ಹೇಳಿದ್ದೇ ತಡ, ಅಕ್ಕಾರ ಮುಖ ಅರಳಿತು.

"ಅಂದ್ರ ನಮ್ಮ ಹುಡುಗಿ ಹೇಳೋದು ಬರೋಬ್ಬರಿ ಐತಿ ಅಂದಂಗಾತು."

"ಹುಡುಗಿಗಿಂತ ಮುಂಚೆ ನಿಮ್ಮ ತಮ್ಮಂದೂ ಬರೋಬ್ಬರಿ ಐತ್ರಿ." ಪಿ.ಜಿ. ಸೀಟಿನ ಪಟ್ಟಿ ನೋಡಿದರೆ ಸಾಕು. ರೇಡಿಯಾಲಜಿ, ಚರ್ಮ ಮೊದಲೇ ಖಾಲಿ. ಒಳ್ಳೆಯ ರ‍್ಯಾಂಕಿನವರು ರಾತ್ರಿ ನಿದ್ದೆ ಕೆಡಿಸದ ವಿಭಾಗಕ್ಕೆ ಓಡುತ್ತಾರೆ. ಅನಾಟಮಿ, ಬಯೋಕೆಮಿಸ್ಟ್ರಿ ಸೀಟಿಗೆ ಗಿರಾಕಿ ಇಲ್ಲ. ಸೀಟು ಉಳಿಯುತ್ತವೆಂದು 2023ರಲ್ಲಿ ಕಟಾಫನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದ್ದು ನೆನಪಿರಬಹುದು. ಪರೀಕ್ಷೆ ಬರೆದವರೆಲ್ಲ ಅರ್ಹರು ಅಂತ. ಹೆಣ ಕೊಯ್ದು ಪಾಠ ಹೇಳುವ ಮೇಷ್ಟ್ರಿಲ್ಲದೆ ಮುಂದಿನ ಡಾಕ್ಟರು ಹೇಗೆ ತಯಾರಾಗುತ್ತಾರೋ, ಅದು ಬೇರೆ ಹರಟೆ.

ಅಕ್ಕಾರಿಗೆ ಅದು ಬೇಡ. ಅವರ ತಲೆಯಲ್ಲಿ ಹೆರಿಗೆ ಕೂತಿದೆ. "ಹೆರಿಗಿಗೆ ಏನ್ ಕಮ್ಮಿ ಐತ್ರಿ? ನಮ್ಮ ಕಡೆ ಯಾರ್ ಗಂಡಸ ಡಾಕ್ಟ್ರ ಕೈಯಾಗ ಹಡೀತಾರ? ಎಲ್ಲಾರಿಗೂ ಡಾಕ್ಟರ್ ಬಾಯಾರೇ ಬೇಕು."

ಮಾತು ನಿಜ. ಬೇಡಿಕೆ ಜಾಸ್ತಿ ಇದ್ದಲ್ಲಿ ದರ ಜಾಸ್ತಿ ಇರಬೇಕಲ್ಲ? ಇಲ್ಲೇ ಲೆಕ್ಕ ತಪ್ಪುವುದು. ಹೊಟ್ಟೆ ಕೊಯ್ದು ಕೂಸು ತೆಗೆಯಬೇಕೆಂದರೆ ಹೆರಿಗೆ ಡಾಕ್ಟರೊಬ್ಬರಿಂದ ಆಗುವುದಿಲ್ಲ. ಅರಿವಳಿಕೆ ಡಾಕ್ಟರು ಬೇಕು, ಕೂಸನ್ನು ಹಿಡಿಯಲು ಮಕ್ಕಳ ಡಾಕ್ಟರು ಬೇಕು. ಅರಿವಳಿಕೆಯವರು ಸಣ್ಣ ಊರುಗಳಲ್ಲಿ ಒಂದು ದವಾಖಾನೆಗೆ ಕಟ್ಟಿಬೀಳುವುದು ಕಡಿಮೆ. ಫೋನ್ ಬಂದರೆ ಕಾರು ಹತ್ತಿ ಬರುತ್ತಾರೆ, ಕೇಸಿಗಿಷ್ಟು ಅಂತ ಎಣಿಸಿಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ಅವರಿಲ್ಲದ ರಾತ್ರಿ ಗರ್ಭಿಣಿಯನ್ನು 108ರಲ್ಲಿ ಮಲಗಿಸಿ ಸುಮಾರು 60 ಕಿಲೋಮೀಟರ್ ದೂರದ ಕೊಪ್ಪಳಕ್ಕೋ, ಹತ್ತಿರದ ಇಳಕಲ್ಲಿಗೋ ದಾಟಿಸಬೇಕು. ಈ ತೊಂದರೆ ದೇಶದ ತುಂಬ ಇದೆಯೆಂದೇ ಸರ್ಕಾರ ಎಂ.ಬಿ.ಬಿ.ಎಸ್. ಡಾಕ್ಟರರಿಗೆ 18 ವಾರದ ಅರಿವಳಿಕೆ ತರಬೇತಿ ಮಾಡಿತ್ತು. ಅರಿವಳಿಕೆಯವರು ಎರಡು ತಾಸಿಗೆ ಬಂದು ಹೋಗುತ್ತಾರೆ. ಬಾಯಾರು ಮಾತ್ರ ಒಂಬತ್ತು ತಿಂಗಳು ನೋಡಿ, ರಾತ್ರಿ ಎದ್ದು, ಹೊಲಿಗೆ ಬಿಚ್ಚುವ ತನಕ ಬಾಣಂತಿಯ ಅತ್ತೆಗೆ ಉತ್ತರ ಕೊಡಬೇಕು.

ಇನ್ನು ಗಂಡ-ಹೆಂಡತಿ ಇಬ್ಬರೂ ಡಾಕ್ಟರಾಗಿರುವ ನರ್ಸಿಂಗ್ ಹೋಮುಗಳು. ಯಾವ ತಾಲೂಕಿನಲ್ಲಾದರೂ ನೋಡಿ. ಬೋರ್ಡಿನಲ್ಲಿ ಯಜಮಾನರ ಹೆಸರು ಮೇಲೆ, ದಪ್ಪಕ್ಷರದಲ್ಲಿ, ಬಾಯಾರದು ಕೆಳಗೆ. ಒಳಗೆ ಹೋದರೆ ಯಜಮಾನರ ಕೋಣೆಯ ಮುಂದೆ ನಾಲ್ಕು ಮಂದಿ, ಬಾಯಾರ ಕೋಣೆಯ ಮುಂದೆ ಬೆಂಚು ತುಂಬಿ ನೆಲದ ಮೇಲೂ ಕೂತಿರುತ್ತಾರೆ. ಬಿಲ್ಲು ಒಂದೇ, ಕೌಂಟರು ಒಂದೇ. ಆ ಬಾಯಾರ ಪಗಾರ ಎಷ್ಟು ಅಂತ ಕೇಳಿದರೆ ಕೌಂಟರಿನ ಹುಡುಗ ನಗುತ್ತಾನೆ.

"ಮನಿಯವ್ರಿಗೆ ಯಾರ್ ಪಗಾರ ಕೊಡ್ತಾರ್ರೀ?" ಅಂದರು ಅಕ್ಕಾರು, ಅವರೂ ನಗುತ್ತಾ.

ಬೇರೆಯವರ ಆಸ್ಪತ್ರೆಯಲ್ಲಿ ದುಡಿದರೆ ಕೇಸಿನ ಮೇಲೆ ರೊಕ್ಕ. ಸರ್ಕಾರಿ ಕಾಯಂ ನೌಕರಿಯವಳಿಗೆ ಹೆರಿಗೆ ರಜೆ, ಪಗಾರ ಎರಡೂ ಉಂಟು. ಕೇಸಿನ ಮೇಲೆ ದುಡಿಯುವವಳು ಸಾವಿರ ಬಾಣಂತಿಯರನ್ನು ಎಬ್ಬಿಸಿ ಕಳಿಸಿ, ತಾನು ಹಡೆದು ಮಲಗಿದ ತಿಂಗಳು ಕೈಗೆ ಸೊನ್ನೆ. ಆ ಹೊತ್ತಿಗೆ ಪೇಷಂಟುಗಳು ಬೇರೆ ಬೆಂಚು ಹುಡುಕಿಕೊಂಡಿರುತ್ತಾರೆ.

ಇದು ನಮ್ಮ ಹೈದರಾಬಾದ್ ಸೀಮೆಯ ಹಣೆಬರಹ ಅಂದುಕೊಳ್ಳಬೇಡಿ. (ಕಲ್ಯಾಣ ಕರ್ನಾಟಕ ಅನ್ನಬೇಕು, 2019ರಿಂದ. ನನ್ನ ನಾಲಿಗೆ ಇನ್ನೂ ಹಳೆಯ ಗೆಜೆಟ್ಟಿನಲ್ಲೇ ಇದೆ.) 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕೂಡಿ ಲೆಕ್ಕ ತೆಗೆದವು: ಆರೋಗ್ಯ ಕ್ಷೇತ್ರದಲ್ಲಿ ಹೆಣ್ಣುಮಕ್ಕಳ ಗಳಿಕೆ ಗಂಡಸರಿಗಿಂತ ಸುಮಾರು ಶೇ. 24 ಕಡಿಮೆ. ದುಡಿಯುವವರಲ್ಲಿ ಮೂರಕ್ಕೆ ಎರಡು ಪಾಲು ಹೆಂಗಸರೇ ಇರುವ ಕ್ಷೇತ್ರವಿದು. ಬಹುಪಾಲು ಡಾಕ್ಟರರಿಗೆ ಸರ್ಕಾರವೇ ದರ ಕಟ್ಟುವ ಇಂಗ್ಲೆಂಡಿನಲ್ಲೂ 2020ರ ಸಮೀಕ್ಷೆಯಲ್ಲಿ ಆಸ್ಪತ್ರೆ ಡಾಕ್ಟರರ ನಡುವೆ ಅಷ್ಟೇ ಅಂತರ ಸಿಕ್ಕಿತು.

ನಮ್ಮಲ್ಲಿ ಈ ಏಣಿಯ ಕಟ್ಟಕಡೆಯ ಮೆಟ್ಟಿಲು ಡಾಕ್ಟರದ್ದೂ ಅಲ್ಲ. ಗರ್ಭಿಣಿಯನ್ನು ದವಾಖಾನೆಗೆ ಕರಕೊಂಡು ಬರುವ ಆಶಾ ಕಾರ್ಯಕರ್ತೆಯರು 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಿದ ಮೇಲೆ ತಿಂಗಳಿಗೆ 10 ಸಾವಿರದ ಭರವಸೆ ಸಿಕ್ಕಿತು.

ಅಕ್ಕಾರು ಸಂಡಿಗೆ ಮಗುಚಿದರು. "ಅಣ್ಣಾರ, ನಮ್ಮ ತಮ್ಮಗ ನೀವೇ ಒಂದ್ ಮಾತ್ ಹೇಳ್ರಿ. ಎಲುವಿಗೆ ರೊಕ್ಕ ಐತಿ, ಹುಡುಗಿಗೆ ಮನಸೈತಿ. ಹೆರಿಗಿ ಮಾಡ್ಲಿಲ್ಲಂದ್ರ ಮಂದಿ ಏನೂ ಅನ್ನಂಗಿಲ್ಲ."

"ಗಂಡಸರು ಮುರಿದ ಕಾಲ ತಗೊಂಡು ಆಕಿ ಕಡೆ ಬರಬೇಕಲ್ರಿ ಅಕ್ಕಾರ?"

"ಕಾಲ ಮುರದಾಗ ಗಂಡೋ ಹೆಣ್ಣೋ ಅಂತ ಯಾವಾಂವ ನೋಡ್ತಾನ? ಮೊದ್ಲ ಗಿರಾಕಿ ನಾನ ಅದೇನಿ ಬಿಡ್ರಿ, ಈ ಮಂಡಿ ನೋವು ನಾಕ್ ವರ್ಷದಿಂದ ಜೀವಾ ತಿನ್ನಾಕತ್ತೈತಿ."

"ಫೀಜು?"

"ಅಯ್ಯ, ತಮ್ಮನ ಮಗಳು. ನನ್ನ ಹಂತೇಲಿ ಫೀಜು ತಗೋತಾಳೇನ್ರೀ ಆಕಿ?"