ಯಜಮಾನರು ಕುಡಿಯುವುದಿಲ್ಲ, ಕಾರು ಕುಡಿಯುತ್ತದೆ

ನಮ್ಮ ಜಿಲ್ಲೆಯಲ್ಲಿ ಇಂಥವರು ತಾಲ್ಲೂಕಿಗೆ ಹತ್ತು ಮಂದಿಯಾದರೂ ಸಿಗುತ್ತಾರೆ. ವಯಸ್ಸು ಅರವತ್ತರ ಆಚೆ, ಒಂದಿಷ್ಟು ಅಡಿಕೆಯೋ ತೆಂಗೋ, ಮಕ್ಕಳು ಬೆಂಗಳೂರಿನಲ್ಲಿ, ಮನೆ ಮುಂದೆ ಕೆಎ-16 ನಂಬರಿನ ಹಳೇ ಮಾರುತಿ 800. ನಾನು ಹೇಳುತ್ತಿರುವವರನ್ನು ದುರ್ಗದ ತುಂಬ ಯಜಮಾನರು ಎಂದೇ ಕರೆಯುತ್ತಾರೆ, ಹಾಗಾಗಿ ಹೆಸರು ಬೇಕಿಲ್ಲ. ಕಾಫಿ ಬಿಟ್ಟರೆ ಬೇರೇನನ್ನೂ ಕುಡಿದವರಲ್ಲ. ಅವರ ಪಾಲಿನದನ್ನೂ ಸೇರಿಸಿ ಕಾರು ಕುಡಿಯುತ್ತದೆ.

ಮಾರುತಿ 800 ತಯಾರಾಗುವುದು 2014ರಲ್ಲೇ ನಿಂತಿತು. ಯಜಮಾನರ ಕಾರು ಅದಕ್ಕಿಂತಲೂ ಬಹಳ ಹಿಂದಿನದು. ಹದಿನೈದು ವರ್ಷ ತುಂಬಿದಾಗ ಆರ್‌ಟಿಒ ಕಚೇರಿಗೆ ಹೋಗಿ ಆರ್‌ಸಿ ನವೀಕರಿಸಿದರು, ಐದು ವರ್ಷ ಬಿಟ್ಟು ಮತ್ತೊಮ್ಮೆ. ಎರಡು ಲಕ್ಷ ಕಿಲೋಮೀಟರ್ ಓಡಿದ ಮೇಲೊಂದು ದಿನ ಮೀಟರ್ ಕೇಬಲ್ ಕಡಿಯಿತು. ಅಲ್ಲಿಂದೀಚೆಗೆ ಗಾಡಿಗೆ ವಯಸ್ಸಾಗುವುದು ನಿಂತಿದೆ ಎಂಬುದು ಅವರ ಲೆಕ್ಕ.

ಆಯಿಲ್ ಮಾತ್ರ ಎಲ್ಲಿಗೋ ಹೋಗುತ್ತಿದೆ. ಎಲ್ಲಿಗೆ ಎಂದು ಕಂಡುಹಿಡಿಯುವುದೇ ಅವರ ಈಗಿನ ಉದ್ಯೋಗ. ರಿಪೇರಿ ಮಾಡಿಸುವುದು ಬೇರೆ ವಿಷಯ, ಅದರ ಗೋಜಿಗೆ ಅವರು ಹೋಗುವುದಿಲ್ಲ. ಯಾವ ಊರಿಗೆ ಯಾವ ಕೆಲಸಕ್ಕೆ ಹೋದರೂ ಅಲ್ಲಿಯ ಮೇಸ್ತ್ರಿಯ ಮುಂದೆ ಬಾನೆಟ್ ಎತ್ತಿ, ಅಭಿಪ್ರಾಯ ಕೇಳಿ, ಕೇಳಿದ್ದನ್ನು ಜೋಪಾನವಾಗಿ ಮನೆಗೆ ತರುತ್ತಾರೆ.

ಶುರುವಾದದ್ದು ದುರ್ಗದಲ್ಲೇ. ಇಲ್ಲಿಯ ಮೇಸ್ತ್ರಿ ಇಂಜಿನ್ ಚಾಲೂ ಇರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದ. ಒಳಗಿಂದ ಬುಸ್ ಬುಸ್ ಎಂದು ಹೊಗೆ ಬಂತು. ಆಫ್ ಮಾಡಿ, ಪ್ಲಗ್ ಬಿಚ್ಚಿ, ಕಂಪ್ರೆಷನ್ ಗೇಜ್ ಇಟ್ಟು ನೋಡಿದ. ಆಮೇಲೆ ಅದೇ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದ. ಮುಳ್ಳು ಮೇಲೇರಿತು. ಹಾಕಿದ ಆಯಿಲ್ ರಿಂಗಿನ ಸಂದು ಮುಚ್ಚಿದ್ದರಿಂದ ಒತ್ತಡ ಏರಿತು. ವಾಲ್ವ್ ಕೆಟ್ಟಿದ್ದರೆ ಮುಳ್ಳು ಏರುತ್ತಿರಲಿಲ್ಲ. ‘ಬೋರಿಗೆ ಬಂದೈತೆ ಯಜಮಾನ್ರೆ, ಇಂಜಿನ್ ಇಳಿಸ್ಬೇಕು’ ಎಂದ.

‘ಸೋರೋದು ನಿಲ್ಲುತ್ತೇನಪ್ಪಾ?’

‘ಸೋರದೇ ಇರೋ ಎಣ್ಣೆ ಕೊಳ ಬೇಕಂದ್ರೆ ಕೋಟೆ ಒಳಗೈತಲ್ಲ, ಕಲ್ಲಿಂದು. ಅದನ್ನ ನೋಡ್ಕಂಡ್ ಬರ್ರಿ.’

ಯಜಮಾನರಿಗೆ ಬೇಸರವೇನೂ ಆಗಲಿಲ್ಲ. ಒಂದು ಅಭಿಪ್ರಾಯ ಸಿಕ್ಕಿತಲ್ಲ.

ಎರಡನೆಯದು ಸಿಕ್ಕಿದ್ದು ಹಿರಿಯೂರಿನಲ್ಲಿ. ಮದುವೆಗೆ ಹೊರಟಿದ್ದೆವು, ನಾನೂ ಜೊತೆಗಿದ್ದೆ. ಗುಯಿಲಾಳು ಟೋಲ್‌ನಲ್ಲಿ ಫಾಸ್ಟ್ಯಾಗ್ ಬ್ಯಾಲೆನ್ಸ್ ಇಲ್ಲವೆಂದು ಯಜಮಾನರು ವಾದಕ್ಕಿಳಿದರು. ಇಂಜಿನ್ ನಿಂತಲ್ಲೇ ಗುರುಗುಡುತ್ತಿತ್ತು. ಕೊನೆಗೆ ಗೇಟು ಎದ್ದಿತು, ಇವರು ಆಕ್ಸಿಲರೇಟರ್ ತುಳಿದರು, ಹಿಂದೆ ನೀಲಿ ಮೋಡ ಎದ್ದಿತು. ಹಿಂದಿದ್ದ ಲಾರಿಯವನು ಹಾರ್ನ್ ಕೂಡ ಹೊಡೆಯಲಿಲ್ಲ. ಎದುರಿಗೆ ಏನೂ ಕಾಣದೆ ಸುಮ್ಮನಾಗಿರಬೇಕು.

ಹಿರಿಯೂರಿನ ಮೇಸ್ತ್ರಿ ಈ ಕಥೆ ಕೇಳಿಯೇ ತೀರ್ಪು ಕೊಟ್ಟ: ‘ವಾಲ್ವ್ ಸೀಲ್ ಹೋಗ್ಯಾವೆ.’ ಅವನ ತರ್ಕ ಸರಿಯಾಗಿಯೇ ಇತ್ತು. ರಬ್ಬರ್ ಸೀಲು ಗಟ್ಟಿಯಾದರೆ ನಿಂತ ಗಾಡಿಯಲ್ಲಿ ಆಯಿಲ್ ಮೆಲ್ಲಗೆ ಗೈಡಿನೊಳಗೆ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ, ಇಲ್ಲವೇ ಹೊತ್ತು ನಿಂತು ಹೊರಟಾಗ, ಒಂದು ಬುಗ್ಗೆ ನೀಲಿ ಹೊಗೆ ಬಂದು ನಿಲ್ಲುತ್ತದೆ. ಏರು ಹತ್ತುವಾಗ ಉದ್ದಕ್ಕೂ ಹೊಗೆ ಬಂದರೆ ರಿಂಗಿನ ಮೇಲೆ ಅನುಮಾನ. ಹೊಗೆ ಕಪ್ಪಾದರೆ ಅದು ಪೆಟ್ರೋಲಿನ ಲೆಕ್ಕ. ಬಿಳಿಯಾಗಿ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್.

ಅವನು ಡಿಪ್‌ಸ್ಟಿಕ್ ಎಳೆದು ನೋಡಿ ದಂಗಾದ. ಆಯಿಲ್ ಮೇಲಿನ ಗೆರೆಯನ್ನು ದಾಟಿ ಎರಡು ಬೆರಳು ಏರಿತ್ತು. ಹೇಗೂ ಹೋಗುತ್ತದೆ, ಇರಲಿ ಎಂದು ಯಜಮಾನರು ಹೊರಡುವ ಮೊದಲು ಒಂದು ಡಬ್ಬ ಸುರಿದಿದ್ದರು. ಅವರ ಪಾಲಿಗೆ ಮ್ಯಾಕ್ಸ್ ಗೆರೆ ಒಂದು ಸಲಹೆ ಮಾತ್ರ. ಹೆಚ್ಚಾದ ಆಯಿಲನ್ನು ಕ್ರ್ಯಾಂಕು ಕಡೆದು ನೊರೆ ಮಾಡುತ್ತದೆ, ಅದು ಬ್ರೀದರ್ ಪೈಪಿನಿಂದ ಏರ್ ಫಿಲ್ಟರಿಗೆ ನುಗ್ಗುತ್ತದೆ, ಅಲ್ಲಿಂದ ಮತ್ತೆ ಹೊಗೆ. ಪಕ್ಕದ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಯಜಮಾನರ ಇಂಜಿನ್ನಿಗೆ ಒಂದು ಲೀಟರ್ ಡಬ್ಬ ಸಾಕು.

ಹೊಳಲ್ಕೆರೆಯ ಮೇಸ್ತ್ರಿ ನಿಧಾನಸ್ಥ. ಯಜಮಾನರು ಬಯಲು ಗಣಪನಿಗೆ ಕೈಮುಗಿದು ಬರುವಷ್ಟರಲ್ಲಿ ಡೀಸೆಲ್ ಹಾಕಿ ಇಂಜಿನ್ ತೊಳೆದಿಟ್ಟಿದ್ದ. ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ಇಂಜಿನ್ ತುಂಬ ಉದುರಿಸಿ, ‘ದುರ್ಗದ ರೋಡಲ್ಲಿ ಒಂದು ರೌಂಡ್ ಹೊಡ್ಕಂಡ್ ಬರ್ರಿ’ ಎಂದ. ಬಂದ ಮೇಲೆ ನೋಡಿದರೆ ಬೆಳ್ಳಗಿನ ಪೌಡರಿನ ಮೇಲೆ ಟ್ಯಾಪೆಟ್ ಕವರಿನ ಮೂಲೆಯಿಂದ ಒಂದು ಕಪ್ಪು ಗೆರೆ ಬ್ಲಾಕಿನ ಮೇಲೆ ಹರಿದು, ಬೋಲ್ಟಿನ ತಲೆ ಬಳಸಿ, ಸಂಪಿನ ಅಂಚಿಗೆ ಇಳಿದಿತ್ತು. ಎಲ್ಲರೂ ಸಂಪ್ ಪ್ಯಾಕಿಂಗನ್ನು ಬೈಯುತ್ತಿದ್ದರು. ಅದು ಬರೀ ದಾರಿ. ಆಯಿಲ್ ಹುಟ್ಟುವುದು ಒಂದು ಕಡೆ, ಗಾಳಿಗೆ ಹಿಂದೆ ಸರಿದು ಬೀಳುವುದು ಇನ್ನೊಂದು ಕಡೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಹಿಡಿಯಬೇಕು.

‘ಪ್ಯಾಕಿಂಗ್ ಹಾಕ್ಲಾ?’ ಎಂದು ಕೇಳಿ, ಅವನೇ ತಡೆದ. ಬ್ರೀದರ್ ಪೈಪು ಬಿಚ್ಚಿ ತೋರಿಸಿದ. ಒಳಗೆ ಗಸಿ ಕಟ್ಟಿ ಹೆಚ್ಚುಕಮ್ಮಿ ಮುಚ್ಚಿಹೋಗಿತ್ತು. ಒಳಗಿನ ಒತ್ತಡಕ್ಕೆ ಹೊರಹೋಗಲು ದಾರಿಯಿಲ್ಲದಿದ್ದರೆ ಇದ್ದಬದ್ದ ಸೀಲುಗಳನ್ನೆಲ್ಲ ತಳ್ಳುತ್ತದೆ, ಹೊಸ ಪ್ಯಾಕಿಂಗ್ ಹಾಕಿದರೂ ತಿಂಗಳಲ್ಲಿ ಮತ್ತೆ ಅದೇ ಗೋಳು. ಪೈಪ್ ತೊಳೆಯುವುದು ಹತ್ತು ನಿಮಿಷದ ಕೆಲಸ. ಯಜಮಾನರ ಮುಖದಲ್ಲಿ ಗಾಬರಿ ಕಂಡದ್ದು ಆಗಲೇ. ‘ತಾಳಪ್ಪ, ಅವಸರ ಬೇಡ. ಹೊಸದುರ್ಗದಲ್ಲಿ ಒಬ್ಬ ಒಳ್ಳೇ ಮೇಸ್ತ್ರಿ ಅದಾನಂತೆ, ಅವನ್ನೊಂದ್ ಮಾತು ಕೇಳಣ.’

ಆ ಮೇಸ್ತ್ರಿ ಊರಲ್ಲಿರಲಿಲ್ಲ. ರಾತ್ರಿ ಬೀಗರ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ನೋಡಿದರೆ ಬೀಗಿತ್ತಿ ಪೊರಕೆ ಹಿಡಿದು ಕಾರಿನ ಪಕ್ಕ ನಿಂತಿದ್ದರು. ಹಿಂದಿನ ದಿನದ ಚುಕ್ಕಿ ರಂಗೋಲಿಗೆ ಕಾರು ತನ್ನದೂ ಆರು ಚುಕ್ಕಿ ಸೇರಿಸಿತ್ತು.

‘ತಿಂಗಳಿಗೆ ಎಷ್ಟು ಹಾಕ್ತೀರಿ ಬೀಗ್ರೆ?’

‘ಎರಡೂವರೆ ಲೀಟ್ರು, ಕೆಲವು ಸಲ ಮೂರು.’

‘ರಾತ್ರಿಗೆ ಆರು ಹನಿ ಬಿದ್ರೆ ಮೂರು ಲೀಟ್ರು ಖಾಲಿಯಾಗ್ತೈತಾ? ನಾನೂ ಅಡಿಗೆ ಮನೇಲಿ ಎಣ್ಣೆ ಅಳೆಯೋಳೇ.’

ಲೆಕ್ಕ ಹಾಕಿ ನೋಡಿದೆ. ಮಿಲಿಲೀಟರಿಗೆ ಇಪ್ಪತ್ತು ಹನಿ ಎಂದರೂ ಲೀಟರಿಗೆ ಇಪ್ಪತ್ತು ಸಾವಿರ. ಓಡುವಾಗ ಬಿಸಿಗೆ ತೆಳುವಾಗಿ ಹೆಚ್ಚು ಸೋರುತ್ತದೆ, ನಿಜ. ಆದರೆ ಮೂರು ಲೀಟರೂ ಹಾಗೇ ಹೋಗಿದ್ದರೆ ಗಾಡಿಯ ಅಡಿಯೆಲ್ಲ ತೊಯ್ದು ತೊಟ್ಟಿಕ್ಕಬೇಕಿತ್ತು. ಅಂದರೆ ಬಹುಪಾಲು ಸೈಲೆನ್ಸರಿನಲ್ಲಿ ಹೋಗುತ್ತಿದೆ.

ಬೀಗಿತ್ತಿಯ ಮುಂದಿನ ಪ್ರಶ್ನೆಯನ್ನು ಅಲ್ಲಿಯವರೆಗೆ ಮೂರೂ ಮೇಸ್ತ್ರಿಗಳು ಕೇಳಿದ್ದರು: ‘ತಿಂಗಳಿಗೆ ಎಷ್ಟು ಕಿಲೋಮೀಟ್ರು ಓಡಿಸ್ತೀರಿ?’ ಹಳೇ ಇಂಜಿನ್ನಿನ ಪಂಚಾಯ್ತಿ ಎಲ್ಲ ನಿಂತಿರುವುದು ಇದರ ಮೇಲೆಯೇ. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ತನಕ ಹೋದರೆ ಸಹಜ ಎಂದು ಕೆಲವು ಕಂಪನಿಗಳ ಕೈಪಿಡಿಯೇ ಹೇಳುತ್ತದೆ. ಅದೇ ಸಾವಿರಕ್ಕೆ ಎರಡು ಲೀಟರಾದರೆ ಇಂಜಿನ್ ಬಿಚ್ಚಬೇಕು. ಯಜಮಾನರು ಎಂದಿನ ಉತ್ತರವನ್ನೇ ಕೊಟ್ಟರು: ‘ಮೀಟರ್ ಕೇಬಲ್ ಕಡಿದೈತಲ್ಲ ಅಕ್ಕಾರೆ.’

ಕೇಬಲ್ಲು ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ, ದೊಡ್ಡ ದುಡ್ಡಿನದೇನೂ ಅಲ್ಲ. ಆದರೆ ಹಾಕಿಸಿದರೆ ಲೆಕ್ಕ ಸಿಗುತ್ತದೆ, ಲೆಕ್ಕ ಸಿಕ್ಕರೆ ರೋಗ ತೀರ್ಮಾನವಾಗುತ್ತದೆ, ಆಮೇಲೆ ನಾಲ್ಕು ಊರಿನ ಗ್ಯಾರೇಜು ಸುತ್ತಿ ಬೆಂಚಿನ ಮೇಲೆ ಕೂತು ಕಾಫಿ ಕುಡಿಯಲು ನೆಪವೇನಿದೆ? ಮಕ್ಕಳು ಫೋನ್ ಮಾಡಿದಾಗ ಮಾತಾಡಲು ವಿಷಯವೇನಿದೆ? ರಿಂಗು, ವಾಲ್ವ್ ಸೀಲು, ಟ್ಯಾಪೆಟ್ ಪ್ಯಾಕಿಂಗು, ಬ್ರೀದರು ಎಲ್ಲವೂ ಸ್ವಲ್ಪ ಸ್ವಲ್ಪ ನಿಜ. ಎರಡು ಲಕ್ಷ ದಾಟಿದ ಇಂಜಿನ್ನಿನಲ್ಲಿ ಒಂದೇ ಕಾರಣ ಇರುವುದು ಅಪರೂಪ. ಯಜಮಾನರು ಅವನ್ನೆಲ್ಲ ಸಮಾನ ಗೌರವದಿಂದ ಕಾಣುತ್ತಾರೆ, ಯಾವುದಕ್ಕೂ ಕೈ ಹಾಕುವುದಿಲ್ಲ.

ಈಗೀಗ ಬೇರೆಯವರ ಗಾಡಿಗಳನ್ನೂ ಬಗ್ಗಿ ನೋಡಲು ಶುರುಮಾಡಿದ್ದಾರೆ. ನಿಮ್ಮ ಕಾರಿನಡಿ ಒಂದು ಹನಿ ಕಂಡರೆ ಸದ್ದಿಲ್ಲದೆ ಒರೆಸಿ, ಅಡಿಗೊಂದು ರಟ್ಟು ಹಾಸಿ, ಕಿಲೋಮೀಟರ್ ಬರೆದಿಟ್ಟುಕೊಂಡು ನಿಮ್ಮ ಮೇಸ್ತ್ರಿಯ ಹತ್ತಿರ ಹೋಗಿಬಿಡಿ. ಯಜಮಾನರ ಕಣ್ಣಿಗೆ ಬಿದ್ದರೆ ಹೊಳಲ್ಕೆರೆಯಿಂದ ಶುರು ಮಾಡಬೇಕಾಗುತ್ತದೆ.