ಹಲಗೆ–ಕಬ್ಬಿಣ ಸಂಧಿಪ್ರಕರಣ

13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜ ಸಂಧಿಯ ವಿಚಾರದಲ್ಲಿ ಏನನ್ನೂ ಬಿಟ್ಟಿಲ್ಲವೆಂದು ವೈಯಾಕರಣರ ನಂಬಿಕೆ. ಪ್ಲೈವುಡ್ಡಿಗೂ ಚಾಸಿಗೂ ಆಗುವ ಸಂಧಿಯನ್ನು ಬಿಟ್ಟಿದ್ದಾನೆ. ಕೊಯಮತ್ತೂರಿನ ಮೇಟ್ಟುಪಾಳಯಂ ರಸ್ತೆಯ ತುಡಿಯಲೂರಿನಲ್ಲಿ ಹಳೆಯ ಟ್ರೈಲರಿಗೆ ಹೊಸ ತಳ ಹಾಸಹೊರಟ ಕನ್ನಡ ಮನೆಮಾತಿನವರ ಉಪಕಾರಕ್ಕಾಗಿ ಆ ಕೊರತೆಯನ್ನು ಇಲ್ಲಿ ತುಂಬಿದೆ.

ಪೂರ್ವಪದ ಕಬ್ಬಿಣ. ಅದರ ತುಕ್ಕು ಕೆರೆದು ರೆಡ್ ಆಕ್ಸೈಡ್ ಬಳಿಯದವನು ಈ ಶಾಸ್ತ್ರಕ್ಕೆ ಅನಧಿಕಾರಿ. ಉತ್ತರಪದ ಪ್ಲೈ. ಭಾರತೀಯ ಮಾನಕದ ಪ್ರಕಾರ ಇಲ್ಲಿ ಗಣ್ಯವಾದವು ಐಎಸ್ 303, ಐಎಸ್ 710 ಎಂಬ ಎರಡು ಕುಲ. 303ರೊಳಗೆ ತೇವ ತಡೆಯುವುದು, ಕುದಿನೀರು ತಡೆಯುವುದು ಎಂದು ಮತ್ತೆರಡು ಪಂಗಡ. ಮೊದಲನೆಯದು ಬೀರುವಿಗೆ ಸಾಕು, ಗಾಡಿಗೆ ಸಲ್ಲದು. 710 ಮರೈನ್ ಪ್ಲೈ, ಉತ್ತಮೋತ್ತಮ. ಬೆಲೆಯೂ ಹಾಗೆಯೇ.

ಇನ್ನು ಸಂಧಿಭೇದಗಳು.

ಪ್ರಕೃತಿಭಾವ: ಎರಡು ಪದಗಳು ಅಕ್ಕಪಕ್ಕದಲ್ಲಿದ್ದೂ ಕೂಡದಿರುವುದು. ಲೋಕದಲ್ಲಿ ಇದೇ ಹೆಚ್ಚು. ಕಾರಣ, ತಾನೇ ತೂತು ಕೊರೆದುಕೊಳ್ಳುವ ಸ್ಕ್ರೂ. ಅದರ ತಿರುಪಿನ ಎಳೆ ಮೊದಲು ಪ್ಲೈಯನ್ನು ಕಚ್ಚುತ್ತದೆ. ಮೊನೆ ಇನ್ನೂ ಕಬ್ಬಿಣವನ್ನು ಕೊರೆಯುತ್ತಲೇ ಇರುತ್ತದೆ. ಅಷ್ಟರಲ್ಲಿ ಹಲಗೆ ಸ್ಕ್ರೂ ಹಿಡಿದು ಮೇಲೇರಿಬಿಡುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ನಡುವಿನ ಸಂದು ಸಂದೇ. ಗಾಡಿ ಹೊರಟ ಮೇಲೆ ತಳ ಕಿರುಗುಟ್ಟುತ್ತದೆ, ಯಜಮಾನ ಸ್ಪ್ರಿಂಗನ್ನು ಬೈಯುತ್ತಾನೆ. ಪರಿಹಾರ ಸುಲಭ: ಪ್ಲೈಯಲ್ಲಿ ಸ್ಕ್ರೂಗಿಂತ ತುಸು ದೊಡ್ಡ ತೂತನ್ನು ಮೊದಲೇ ಕೊರೆಯುವುದು. ಇಲ್ಲವೇ ರೆಕ್ಕೆಯ ಸ್ಕ್ರೂ ತರುವುದು. ರೆಕ್ಕೆ ಮರದಲ್ಲಿ ದಾರಿ ಅಗಲಿಸಿ, ಕಬ್ಬಿಣ ತಗುಲಿದೊಡನೆ ಮುರಿದುಬೀಳುತ್ತದೆ. ಕೆಲಸ ಮುಗಿದೊಡನೆ ಜಾಗ ಬಿಡುವ ಗುಣ ಸ್ಕ್ರೂಗಳಲ್ಲಾದರೂ ಉಂಟು.

ಲೋಪ: ಇದ್ದುದು ಇಲ್ಲವಾಗುವುದು. ಹದ ಕೊಟ್ಟು ಗಡುಸಾದ ಸ್ಕ್ರೂ ಬಾಗುವ ಬದಲು ಮುರಿಯುತ್ತದೆ. ಓಡುವ ಗಾಡಿಯ ಅದುರಿಗೆ ತಲೆ ಹಾರಿಹೋಗುತ್ತದೆ.

ಆದೇಶ: ಒಂದರ ಜಾಗಕ್ಕೆ ಇನ್ನೊಂದು ಬರುವುದು, ಇಲ್ಲಿ ಸ್ಕ್ರೂವಿನ ಜಾಗಕ್ಕೆ ಬೋಲ್ಟು. ಆದೇಶ ಶತ್ರುವಿನಂತೆ, ಆಗಮ ಮಿತ್ರನಂತೆ ಎಂದು ವೈಯಾಕರಣರ ಮಾತು. ಗಾಡಿಶಾಸ್ತ್ರ ಒಪ್ಪುವುದಿಲ್ಲ, ಇಲ್ಲಿ ಆದೇಶವೂ ಮಿತ್ರನೇ. ಅಗಲ ಚಪ್ಪಟೆ ತಲೆ, ಅದರಡಿ ಚೌಕ ಕತ್ತು ಇರುವ ಬೋಲ್ಟು ಶ್ರೇಷ್ಠ: ಕತ್ತು ಮರದಲ್ಲಿ ಕೂತು ಬೋಲ್ಟು ತಿರುಗದಂತೆ ಹಿಡಿಯುತ್ತದೆ, ಕೆಳಗಿನಿಂದ ನಟ್ಟು ಬಿಗಿಯಬಹುದು. ಇಡೀ ತಳಕ್ಕೇ ಆದೇಶ ಬರುವುದೂ ಉಂಟು: ಅಮೆರಿಕದ ಹಳೆಯ ಏರ್‌ಸ್ಟ್ರೀಮ್ ಟ್ರೈಲರುಗಳಲ್ಲಿ ಪ್ಲೈ ತಳ ಅಲ್ಯುಮಿನಿಯಂ ಒಡಲಿಗೂ ಉಕ್ಕಿನ ಚಾಸಿಗೂ ನಡುವೆ ಸಿಕ್ಕಿಕೊಂಡಿರುತ್ತದೆ. ತಳ ಪೂರ್ತಿ ಬದಲಿಸಲು ಹಲವರು ಒಡಲನ್ನೇ ಎತ್ತಿ ಪಕ್ಕಕ್ಕಿಡುತ್ತಾರೆ.

ಆಗಮ: ಇಲ್ಲದ್ದು ನಡುವೆ ಬಂದು ಜಗಳ ತಪ್ಪಿಸುವುದು. ಯಕಾರ ವಕಾರಗಳ ಕೆಲಸವನ್ನು ಇಲ್ಲಿ ಸೀಲೆಂಟು, ರಬ್ಬರ್ ಪಟ್ಟಿ, ವಾಶರುಗಳು ಮಾಡುತ್ತವೆ. ಅಲ್ಯುಮಿನಿಯಂ ಮತ್ತು ಉಕ್ಕು ಒದ್ದೆಯಲ್ಲಿ ನೇರ ಮುಟ್ಟಿದರೆ ಸವೆಯುವುದು ಅಲ್ಯುಮಿನಿಯಂ. ತಾಮ್ರದ ಔಷಧಿ ಕುಡಿದ ಪ್ಲೈ ಕೂಡ ಅದನ್ನು ತಿನ್ನುತ್ತದೆ. ಆಗಮವಿಲ್ಲದ ಸಂಧಿ ಇಂಥಲ್ಲಿ ಅಪಶಬ್ದ.

ಬರಿಯ ಅಂಟಿನ ಸಂಧಿಯನ್ನು ಈ ಗ್ರಂಥ ಗಣಿಸಿಲ್ಲ.

ಕೊಯಮತ್ತೂರು ಸೀಮೆಗೆ ಹೆಚ್ಚು ಮಳೆ ತರುವುದು ಅಕ್ಟೋಬರ್–ನವೆಂಬರಿನ ಹಿಂಗಾರು. ಸೆಪ್ಟೆಂಬರಿನೊಳಗೆ ಕೆಲಸ ಮುಗಿಸಿ. ಕೊಯ್ದ ಅಂಚಿಗೂ ಕೊರೆದ ತೂತಿನ ಒಳಮೈಗೂ ಎಪಾಕ್ಸಿ ಬಳಿಯದೆ ಒಂದು ನಟ್ಟನ್ನೂ ಬಿಗಿಯಬೇಡಿ.